ಸ್ಕಾಟ್ಲೆಂಡಿನ ವಕೀಲ

ಗೆಳೆಯರೇ, ಸ್ಕಾಟ್ಲೆಂಡಿಗೆ ಆಗಿರುವ ಅನ್ಯಾಯ ನನಗೆ ಗೊತ್ತಾಗಿದ್ದು ಇವತ್ತು, ತಿಪಟೂರಿನ ಇಮ್ರಾನನ ಮನೆಯಲ್ಲಿ. ಅವನ ಕಂಪ್ಯೂಟರಿನಲ್ಲಿ ಸ್ಕಾಟ್ಲೆಂಡಿನ ಹಳೇ ಕಾಲದ ಯುದ್ಧದ ಗೇಮ್ ಆಡುತ್ತಿದ್ದ ನಮ್ಮ ಮಂಜ ಸಿಡಿಮಿಡಿಗೊಂಡ.

"ಗುಡ್ಡದ ಗೇಲಿಕ್ ಜನಾನೇ ಬೇರೆ, ಬಯಲುಸೀಮೆ ಸ್ಕಾಟರೇ ಬೇರೆ ಕಣ್ಲಾ. ಭಾಷೇನೂ ಬೇರೆ. ಆ ಕಾಲದಲ್ಲಿ ಇಲ್ದೇ ಇದ್ದ ಚೌಕಳಿ ಲಂಗಾನ ಎಲ್ರಿಗೂ ಉಡಿಸವ್ರೆ. ಒಂದು ಜನಾನ ಹಿಂಗಾ ತೋರ್ಸೋದು?"

ಗೇಮ್ ಕಂಪನಿಗೆ ಇಮೇಲ್ ಬರೆಯಲು ಕೂತ. ಅಷ್ಟರಲ್ಲಿ ಇಮ್ರಾನನ ತಾಯಿ ಊಟಕ್ಕೆ ಮುದ್ದೆ, ಅವರೆಕಾಳು ಸಾರು ತಂದಿಟ್ಟರು. ಮಂಜ ತಟ್ಟೆ ನೋಡಿದ.

"ಯಾಕಮ್ಮ, ಬಿರಿಯಾನಿ ಮಾಡ್ಲಿಲ್ವಾ? ನೀವು ಸಾಬ್ರು ದಿನಾ ಅದೇ ತಾನೇ ತಿನ್ನೋದು?"

ಆಕೆ ಇನ್ನೊಂದು ಸೌಟು ಸಾರು ಬಿಟ್ಟರು. ಇಮ್ರಾನ ಕೀಬೋರ್ಡನ್ನು ಮಂಜನತ್ತ ತಳ್ಳಿದ.

"ಇಮೇಲಿನ ಕೊನೇಲಿ ನಮ್ದೂ ಒಂದು ಸಾಲು ಸೇರ್ಸು ಕಣ್ಲಾ."

ಮಂಜ ಸೇರಿಸಲಿಲ್ಲ. ಸ್ಕಾಟ್ಲೆಂಡಿನ ದೂರು ಹೋಗಿದೆ. ಪಕ್ಕದಲ್ಲಿ ಕೂತವರು ಕಾಯಬೇಕು.