ಕೆಂಚಕ್ಕನಿಗೆ ಕಟ್ಟಿದ ಗಂಟೆ

ಹಸಿ ಕುರಿ ಉಣ್ಣೆಯ ವಾಸನೆ ಎಲ್ಲಿ ಬಂದರೂ ನನಗೆ ಐಮಂಗಲದ ಆಚೆ ಇದ್ದ ನಮ್ಮ ಮಣ್ಣಿನ ಮನೆ ನೆನಪಾಗುತ್ತದೆ. ನೆನೆದ ಕಂಬಳಿ, ಕುರಿ ಹಿಕ್ಕೆ, ಒಲೆಯ ಹೊಗೆ ಎಲ್ಲ ಸೇರಿದ ವಾಸನೆ ಅದು. ಕತ್ತರಿಸಿದ ಉಣ್ಣೆಯ ರಾಶಿಯಲ್ಲಿ ಮುಖ ಹುದುಗಿಸಿಕೊಂಡು ನನ್ನ ಅಕ್ಕ ಕೆಂಚಮ್ಮ ಇಡೀ ಮಧ್ಯಾಹ್ನ ಮಲಗಿರುತ್ತಿದ್ದಳು. ಅವಳಿಗೆ ಮಾತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಆದರೆ ದೂರದ ರಸ್ತೆಯಲ್ಲಿ ಲಾರಿ ಹಾರನ್ ಹೊಡೆದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಗಾಳಿ ಸೋಕಿದೆ ಎಂದರು ಊರಿನವರು. ಅಪ್ಪ ಹರಕೆ ಹೊತ್ತ, ತಾಯಿತ ಕಟ್ಟಿಸಿದ, ಕೊನೆಗೆ ಹೊಟ್ಟೆಗೆ ಬರೆಯನ್ನೂ ಹಾಕಿಸಿದ. ಏನೂ ಆಗಲಿಲ್ಲ, ಕಲೆ ಉಳಿಯಿತು ಅಷ್ಟೆ.

ಕಣ್ಣು ತಪ್ಪಿದರೆ ಸಾಕು, ಎದ್ದು ನಡೆದುಬಿಡುತ್ತಿದ್ದಳು. ಕುರಿ ಕಾಯುವ ಅವ್ವ ಅವಳನ್ನಾದರೂ ಎಷ್ಟು ಕಾದಾಳು? ಹಾದಿ ಬಿಡುವ ಕುರಿಗೆ ಗಂಟೆ ಕಟ್ಟುವುದು ನಮ್ಮಲ್ಲಿ ರೂಢಿ. ಅವ್ವ ಹಾಗೆಯೇ ಅವಳ ಸೊಂಟಕ್ಕೊಂದು ಕಟ್ಟಿದಳು. ಹೆಜ್ಜೆ ಇಟ್ಟರೆ ಸದ್ದು, ಮಗ್ಗುಲಾದರೆ ಸದ್ದು. ಅಕ್ಕ ಕಿರುಚಿದಳು, ಮೈ ಪರಚಿಕೊಂಡಳು. "ಬರೀ ಹಟ ಇದಕ್ಕೆ," ಎಂದು ಅವ್ವ ಅಳುತ್ತಲೇ ಗಂಟು ಬಿಗಿಯುತ್ತಿದ್ದಳು. ಒಂದು ದಿನ ಅಡವಿಯಲ್ಲಿ ಅಕ್ಕ ಅದನ್ನು ಹೇಗೋ ಕಳಚಿ, ಜಾಲಿ ಟೊಂಗೆಗೆ ಸಿಕ್ಕಿಸಿ ಹೊರಟುಹೋದಳು. ಗಾಳಿಗೆ ಗಂಟೆ ಅಲ್ಲಾಡುತ್ತಲೇ ಇತ್ತು. ಮಗಳು ಅಲ್ಲೇ ಆಡಿಕೊಂಡಿದ್ದಾಳೆಂದು ಅವ್ವ ನೆಮ್ಮದಿಯಾಗಿದ್ದಳು. ಸಂಜೆ ಕುರಿ ಹೊಡೆದುಕೊಂಡು ಹೊರಟಾಗಲೇ ಗೊತ್ತಾದದ್ದು. ಅವಳು ಸಿಕ್ಕಿದ್ದು ಪಕ್ಕದ ಹೊಲದ ಬಾವಿಯಲ್ಲಿ, ಹೆಣವಾಗಿ.

ಆಮೇಲೆ ಕುರಿ ಮಾರಿದೆವು. ಅಪ್ಪ ಹೋದ, ಮನೆಯೂ ಮಣ್ಣಾಯಿತು. ನಿಮ್ಮ ಮನೆಯಲ್ಲೂ ಇಂಥವರು ಹುಟ್ಟಿ, ಯಾರಿಗೂ ಅರ್ಥವಾಗದೆ ಹೋಗಿದ್ದರೆ ನನ್ನ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷ, ಅಕ್ಕನ ಹಾಗೆಯೇ ಮಾತು ಬಾರದ ನನ್ನ ಮೊಮ್ಮಗಳನ್ನು ಚಿತ್ರದುರ್ಗದಲ್ಲಿ ಡಾಕ್ಟರಿಗೆ ತೋರಿಸಲು ಹೋದಾಗ, ಬೇಡವೆಂದರೂ ಕೇಳದೆ ಅವ್ವನೂ ಬಂದಳು. ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿದರು: ಇದು ಆಟಿಸಂ, ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿ ಬೇರೆ, ಇದು ಗಾಳಿಯಲ್ಲ, ಶಾಪವಲ್ಲ, ಹೆತ್ತವರ ತಪ್ಪೂ ಅಲ್ಲ. ನಮಗೆ ಏನೂ ಅನ್ನಿಸದ ಸದ್ದು ಇಂಥ ಕೆಲವು ಮಕ್ಕಳಿಗೆ ತಡೆಯಲಾಗದ ಹಿಂಸೆಯಾಗುತ್ತದೆ. ಅದನ್ನು ಹಟ ಎಂದುಕೊಳ್ಳಬೇಡಿ ಎಂದರು.

ಅವ್ವ ಸೆರಗು ಸರಿಮಾಡಿಕೊಂಡು ಮೇಜಿನ ಕಡೆ ಬಾಗಿದಳು.

"ನನ್ನ ಮಗ್ಳೂ ಹಿಂಗೇ ಅವ್ಳೆ. ಕರ್ಕಂಡ್ ಬಂದ್ರೆ ನೋಡ್ತೀರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ, ಅದಕ್ಕೇನಜ್ಜಿ, ಯಾವತ್ತು ಬೇಕಾದರೂ ಕರ್ಕೊಂಡು ಬನ್ನಿ ಎಂದರು. ಅವ್ವ ಕೈ ಮುಗಿದಳು.