ವಾಪಸ್ ಬೇಡದ ಡಬ್ಬಿ

ಗಂಡಸಿ ಕಡೆಯ ನಮ್ಮ ಹಳ್ಳಿಯಿಂದ ಅರಸೀಕೆರೆಗೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಕಿಲ್ಲ. ಆದರೂ ನಮ್ಮತ್ತೆ ಈ ಊರನ್ನು 'ಪ್ಯಾಟೆ' ಎನ್ನುವಾಗ ಯಾವುದೋ ಪರದೇಶದ ಹೆಸರು ಹೇಳಿದಂತಿರುತ್ತಿತ್ತು. ನನ್ನ ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ, ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಆಗ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವಳನ್ನು ನೋಡಿಕೊಳ್ಳಲೆಂದು ಅತ್ತೆ ಬಂದಿದ್ದರು. ಅವರು ಊರಿಗೆ ಹೊರಟರೆ ನನ್ನ ಕೆಲಸ ಹೋದಂತೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ, ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಷ್ಟೆಲ್ಲ ರಂಪವೇ ಎಂದು ನೀವು ನಗುತ್ತೀರಿ.

ನಾವಿದ್ದದ್ದು ಕೊಬ್ಬರಿ ವ್ಯಾಪಾರದವರ ಮನೆ. ಮೇಲೆ ಅವರು, ಕೆಳಗೆ ಬಾಡಿಗೆಗೆ ನಾವು. ಓನರ್ ಆಂಟಿಯದು ಧಾರಾಳ ಕೈ. ಹಬ್ಬಕ್ಕೆ ಹೋಳಿಗೆ, ಪೂಜೆಗೆ ಪುಳಿಯೋಗರೆ, ಏನು ಮಾಡಿದರೂ ನಮಗೊಂದು ಪಾಲು ಬರುತ್ತಿತ್ತು. ಆದರೆ ಬರುತ್ತಿದ್ದುದು ಹೋಟೆಲಿನವರು ಸಾಂಬಾರ್ ಪಾರ್ಸಲ್ ಕೊಡುತ್ತಾರಲ್ಲ, ಆ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ. "ವಾಪಸ್ ಬೇಡಮ್ಮ, ಬಿಸಾಕಿಬಿಡಿ" ಎಂದು ಹೇಳಿಯೇ ಅವರು ಮೆಟ್ಟಿಲು ಹತ್ತುತ್ತಿದ್ದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಪಕ್ಕದ ಮನೆಯಿಂದ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಅತ್ತೆ ಮೊದಲ ಡಬ್ಬಿಯನ್ನು ತೊಳೆದು, ಒಣಗಿಸಿ, ಅದರ ತುಂಬ ಹುಚ್ಚೆಳ್ಳು ಚಟ್ನಿಪುಡಿ ಹಾಕಿ ಮೇಲೆ ಕೊಟ್ಟುಬಂದರು. ಆಂಟಿ ಪುಡಿಯನ್ನು ಬಾಯಿತುಂಬ ಹೊಗಳಿದರು. ಮುಂದಿನ ಸಲದ ಕೇಸರಿಬಾತ್ ಬಂದದ್ದು ಇನ್ನೊಂದು ಹೊಸ ಡಬ್ಬಿಯಲ್ಲಿ, ಅದೇ 'ಬಿಸಾಕಿ'ಯೊಂದಿಗೆ. ಅತ್ತೆ ಬಿಸಾಕಲೂ ಇಲ್ಲ, ಮತ್ತೆ ಮೇಲೆ ಹತ್ತಲೂ ಇಲ್ಲ. ಡಬ್ಬಿಗಳು ಗೋಡೆಯ ಗೂಡಿನಲ್ಲಿ ಒಂದರೊಳಗೊಂದು ಕೂತವು.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅತ್ತೆ ತಮ್ಮ ಸೀರೆಗಳನ್ನು ಬ್ಯಾಗಿಗೆ ತುಂಬುತ್ತಿದ್ದರು.

"ಯಾಕತ್ತೆ, ಏನಾಯ್ತು?"

"ಊರಿಗೆ ವೋಯ್ತೀನಿ ಕಣವ್ವ. ಮನ್ಸರಿಗೆ ಕೊಡೋರು ಪಾತ್ರೇಲಿ ಕೊಡ್ತಾರೆ. ನಾವು ಮುಟ್ಟಿದ್ದು ಅವ್ರ ಅಡುಗೆಮನೆಗೆ ಬ್ಯಾಡ, ಅದ್ಕೇ ಬಿಸಾಕು ಅಂತಾರೆ. ನಂಗೇನು ಗೊತ್ತಾಗಕಿಲ್ವಾ?"

ಅವರಿಗೆ ಗೊತ್ತಾಗದೆ ಏನು? ಅತ್ತೆ ಹರೆಯದಲ್ಲಿ ಕೂಲಿಗೆ ಹೋಗುತ್ತಿದ್ದ ಮನೆಗಳಲ್ಲಿ ಅವರ ಕಾಫಿ ಲೋಟವನ್ನು ಹಿತ್ತಿಲ ಗೋಡೆಯ ಮೇಲೆ ಬೇರೆಯೇ ಇಟ್ಟಿರುತ್ತಿದ್ದರಂತೆ. ಅದನ್ನು ನೆನೆದೇ ನನಗೆ ಮೈಯೆಲ್ಲ ಉರಿಯಿತು. ಕೆಲಸ ಹೋಗುವ ಭಯವೂ ಆ ಉರಿಗೆ ಸೇರಿಕೊಂಡಿತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನೀರಿನ ಮೋಟರಿನ ಸ್ವಿಚ್ಚು ಇರುವುದು ನಮ್ಮ ಬಾಗಿಲ ಪಕ್ಕದಲ್ಲೇ. ಮರುದಿನ ಬೆಳಿಗ್ಗೆ ಆಂಟಿ ಬಂದು ಮೋಟರ್ ಹಾಕುತ್ತಿದ್ದಂತೆ ಕೇಳಿಯೇಬಿಟ್ಟೆ.

"ಆಂಟಿ, ನಿಮ್ಮನೇಲಿ ಒಂದು ಸ್ಟೀಲ್ ಪಾತ್ರೆ ಇಲ್ವಾ? ನಾವು ಮುಟ್ಟಿದ್ರೆ ತೊಳೆದರೂ ಹೋಗಲ್ವಾ?"

ಅವರ ಮುಖ ಕಪ್ಪಿಟ್ಟಿತು. ಹಾಗೆಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಅಯ್ಯೋ, ಹಂಗಂದ್ಕೊಂಡ್ರಾ? ನಾನು ಹಾರನಹಳ್ಳಿಯವಳು ಕಣಮ್ಮ. ನಮ್ಮಪ್ಪ ತೀರ್ಕೊಂಡ ಮೇಲೆ ನಮ್ಮಮ್ಮ ನನ್ನ ಕರ್ಕೊಂಡು ಈ ಊರಿಗೆ ಬಂದ್ರು. ಒಂದೇ ರೂಮು. ಓನರ್ ಮನೆಯಿಂದ ಪಾಯಸ ಬಂದ್ರೆ ನಂಗೆ ಖುಷಿ, ಅಮ್ಮಂಗೆ ಅಳು. ಪಾತ್ರೆ ಬರಿದು ಕೊಡಂಗಿಲ್ಲ, ತುಂಬೋಕೆ ಮನೇಲಿ ಏನೂ ಇಲ್ಲ. ಪಕ್ಕದವರ ಹತ್ರ ಸಕ್ಕರೆ ಕಡ ತಂದು ತುಂಬಿ ಕೊಡ್ತಿದ್ರು. ನಿಮಗೆ ಆ ಸಂಕಟ ಬೇಡ ಅಂತಲೇ ನಾನು..."

ನನ್ನ ಸಿಟ್ಟು ಆ ಮಾತಿನಲ್ಲಿ ಸುಳ್ಳನ್ನು ಹುಡುಕಿತು. ಸಿಗಲಿಲ್ಲ. ಒಂದೇ ಪದ್ಧತಿ ಇಬ್ಬರಿಗೂ ಗೊತ್ತಿತ್ತು. ಒಬ್ಬರಿಗೆ ಅದು ಮರ್ಯಾದೆ, ಇನ್ನೊಬ್ಬರಿಗೆ ಅಮ್ಮನ ಕಣ್ಣೀರು. ಪಾಪ ಅನ್ನಿಸಿತು. ಆದರೂ ಒಂದು ಮುಳ್ಳು ಉಳಿಯಿತು. ನಮ್ಮ ಮನೆಯಲ್ಲಿ ತುಂಬಿಕೊಡಲು ಏನೂ ಇರಲಾರದು ಎಂದು ಅವರೇ ತೀರ್ಮಾನ ಮಾಡಿಬಿಟ್ಟಿದ್ದರಲ್ಲ? ಚಟ್ನಿಪುಡಿ ತಿಂದ ಮೇಲೂ! ಪೇಟೆಗೆ ಬಂದು ನೆಲೆನಿಂತವರಿಗೆ ತಮ್ಮ ಬಡತನ ನೆನಪಿರುತ್ತದೆ, ಎದುರಿಗಿರುವವರನ್ನು ಒಂದು ಮಾತು ಕೇಳುವುದು ಮರೆತಿರುತ್ತದೆ.

ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲ ಹಿಂದೆ ನಿಂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೊರಗೆ ಬಂದು, ಅದುವರೆಗೆ 'ಓನರಮ್ಮ' ಎನ್ನುತ್ತಿದ್ದವರು ಆಂಟಿಯನ್ನು ಮಗಳಂತೆ ಮಾತಾಡಿಸಿದರು. "ನಿಮ್ಮವ್ವ ನಾಕು ಹೂವ ಹಾಕ್ಕೊಟ್ಟಿದ್ರೂ ಆಯ್ತಿತ್ತು ಕಣವ್ವ. ಪಾತ್ರೆ ಬರಿದಾಗಿರಬಾರ್ದು, ಅಷ್ಟೇಯ."

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮೇಲಿನ ಟ್ಯಾಂಕು ತುಂಬಿ ನೀರು ಧೋ ಎಂದು ಅಂಗಳಕ್ಕೆ ಸುರಿಯಿತು. ಮೂವರೂ ಸ್ವಿಚ್ಚಿಗೆ ಕೈಹಾಕಿದೆವು.

ಅಂದು ಸಂಜೆ ಗಸಗಸೆ ಪಾಯಸ ಬಂತು, ಮುಚ್ಚಳವಿದ್ದ ತೂಕದ ಸ್ಟೀಲ್ ಡಬ್ಬಿಯಲ್ಲಿ. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಆಂಟಿಯ ತಾಯಿಯ ಹೆಸರು ಕೊರೆದಿತ್ತು. ಬಿಸಾಕಿ ಎಂದು ಯಾರೂ ಹೇಳಲಿಲ್ಲ. ಅತ್ತೆ ಅದನ್ನು ತೊಳೆದು ಒರೆಸಿ, ಗೂಡಿನ ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದು ಆ ಜಾಗದಲ್ಲಿಟ್ಟರು. ತಮ್ಮ ಬ್ಯಾಗನ್ನು ಮಾತ್ರ ಬಿಚ್ಚಲಿಲ್ಲ.

ರಾಗಿಮುದ್ದೆ ಮುರಿಯುತ್ತಾ ನನ್ನ ಗಂಡ ಕೇಳಿದರು: "ಅವ್ವಾ, ನಾಳೆ ಬಸ್ ಹತ್ತಿಸ್ಲಾ?"

ಅತ್ತೆ ಗೂಡಿನ ಕಡೆ ನೋಡಿದರು.

"ಅವ್ರ ಪಾತ್ರೆ ನಮ್ಮನೇಲೈತೆ. ಹೆಂಗ್ಲಾ ಹೋಗದು?"