ಹೊಲಿಗೆ ದಾರದ ಮೇಲಿನ ಬಣ್ಣ

ನನ್ನ ಗಂಡನಿಗೆ ಅಂಗಡಿಯವರು ಇಟ್ಟಿದ್ದ ಹೆಸರು ಜಡ್ಜ್ ಸಾಹೇಬರು. ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂಬುದು ಮದುವೆಯಾಗಿ ಮೂವತ್ತು ವರ್ಷವಾದರೂ ಗೊತ್ತಿರದ ಮನುಷ್ಯ. ಆದರೆ ಯುದ್ಧಕಾಲದಲ್ಲಿ ವಿಮಾನದವರು ತೊಡುತ್ತಿದ್ದ ಚರ್ಮದ ಜಾಕೆಟ್ಟನ್ನು ಕೈಗೆ ಕೊಟ್ಟರೆ, ಅದು ಆ ಕಾಲದ್ದೇ ಅಥವಾ ಮೊನ್ನೆ ಮೊನ್ನೆ ಹೊಲಿದು, ಮರಳುಕಾಗದ ಉಜ್ಜಿ ಮುದಿ ಮಾಡಿದ್ದೇ ಎಂದು ಹೇಳಿಬಿಡುತ್ತಿದ್ದರು. ಹಳೆಯ ಸಮವಸ್ತ್ರ, ಪದಕ, ಟೋಪಿಗಳನ್ನು ಮಾರುವ ಅಂಗಡಿ ಅದು. ಅದರ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವರ ಮೇಜು, ಗೋಡೆಯ ಪಕ್ಕ ನನ್ನ ಹೊಲಿಗೆ ಯಂತ್ರ. ಅವರು ತೀರ್ಪು ಕೊಡುತ್ತಿದ್ದರು, ನಾನು ಜಾಕೆಟ್ಟಿನೊಳಗಿನ ಹರಿದ ಅಸ್ತರು ಹೊಲಿದು ತುಕ್ಕು ಹಿಡಿದ ಜಿಪ್ಪು ಬದಲಿಸುತ್ತಿದ್ದೆ.

ಆ ವಿದ್ಯೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಮೀಸೆ ಮೂಡುವ ಮೊದಲೇ ಚರ್ಮದ ಕಾರ್ಖಾನೆಯ ಬಣ್ಣದ ಕೋಣೆ ಸೇರಿದವರು, ಇಪ್ಪತ್ತೆಂಟು ವರ್ಷ ಸ್ಪ್ರೇ ಗನ್ ಹಿಡಿದು, ಎದೆ ಹಾಳು ಮಾಡಿಕೊಂಡು ಹೊರಬಂದರು. ನಾಲ್ಕು ಮಾತಾಡಿದರೆ ಒಳಗಿನಿಂದ ಸಿಳ್ಳೆ ಕೇಳುತ್ತಿತ್ತು. ಜಾಕೆಟ್ ಬಂದರೆ ಮೊದಲು ಅದರ ಕಂಕುಳು ಮೂಸುತ್ತಿದ್ದರು. "ನನ್ನನ್ನ ಒಂದು ದಿನಾನಾದ್ರೂ ಇಷ್ಟು ಹತ್ತಿರದಿಂದ ನೋಡಿದ್ದೀರಾ?" ಎಂದು ನಾನು ಕಾಡಿಸುತ್ತಿದ್ದೆ. ಆಮೇಲೆ ಮೊಣಕೈ ಮಡಚಿ ಬಿರುಕು ನೋಡುವರು. ತೊಟ್ಟು ಸವೆದ ಜಾಕೆಟ್ಟಿನ ಬಿರುಕು ಮೈ ಬಾಗಿದ ಕಡೆ ಮಾತ್ರ ಇರುತ್ತದೆ. ಕಳ್ಳರು ಮಾಡಿದ್ದಾದರೆ ಎಲ್ಲೆಂದರಲ್ಲಿ. ಕೊನೆಗೆ ಭೂತಗನ್ನಡಿ ಹಿಡಿದು ಹೊಲಿಗೆ ನೋಡುವರು. ಕಾರ್ಖಾನೆಯಲ್ಲಿ ಚರ್ಮಕ್ಕೆ ಮೊದಲು ಬಣ್ಣ, ಆಮೇಲೆ ಹೊಲಿಗೆ. ಹಾಗಾಗಿ ದಾರದ ಮೇಲೆ ಬಣ್ಣ ಕೂತಿರಬಾರದು. ಕೂತಿದ್ದರೆ ಯಾರೋ ಮೋಸಕ್ಕೆ ಬಳಿದದ್ದು. ನೋಡಿ ಮುಗಿದ ಮೇಲೆ ಒಂದು ರಟ್ಟಿನ ಚೀಟಿಯಲ್ಲಿ ಅಸಲಿ ಅಥವಾ ನಕಲಿ ಎಂದು ಬರೆದು ಜಿಪ್ಪಿಗೆ ಕಟ್ಟುತ್ತಿದ್ದರು. 'ಇರಬಹುದು' ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ. ನನಗದು ಹೆಮ್ಮೆಯೇ ಆಗಿತ್ತು, ಈಗ ನೆನೆದರೆ ಮೈ ಉರಿಯುತ್ತದೆ.

ಟೀಚರಮ್ಮ ಬಂದದ್ದು ಒಂದು ಬೆಳಗ್ಗೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು, ಗಂಡ ತೀರಿಕೊಂಡು ವರ್ಷವಾಗಿತ್ತು. ಜಾಕೆಟ್ಟನ್ನು ದಿಂಬಿನ ಚೀಲದೊಳಗೆ ಇಟ್ಟು ತಂದಿದ್ದರು.

"ಮಾರೋಕಲ್ಲ," ಎಂದರು. "ಒಂದು ಚೀಟಿ ಬರೆದುಕೊಡಿ ಸಾಕು. ನಮ್ಮ ಯಜಮಾನ್ರು ಯುದ್ಧದಲ್ಲಿ ವಿಮಾನದಲ್ಲಿದ್ರು. ನನ್ನ ಮೈದುನ ಇಲ್ಲ ಅಂತಾನೆ. ಸೇನೆಯ ಅಡುಗೆಮನೇಲಿ ಪಾತ್ರೆ ತೊಳೀತಿದ್ದೋನು, ಜಾಕೆಟ್ ಸಂತೇಲಿ ತಗೊಂಡಿದ್ದು ಅಂತಾನೆ. ಇವರಿದ್ದಾಗ ಬಾಯಿ ಮುಚ್ಚಿಕೊಂಡಿದ್ದ. ಈಗ ಮೊಮ್ಮಕ್ಕಳ ಮುಂದೆ ಹೇಳಿ ನಗ್ತಾನೆ."

ಟೀಚರಮ್ಮ ತಮ್ಮ ಗಂಡನ ಹೆಸರನ್ನು ದುಂಡಗೆ ಬರೆದುಕೊಟ್ಟರು. ನನ್ನವರು ಮೂಸಿದರು, ಮಡಚಿದರು, ತಲೆಯಾಡಿಸಿದರು. ಹೊಲಿಗೆಗೆ ಬಂದಾಗ ಕೈ ನಿಂತಿತು. ಒದ್ದೆ ಹತ್ತಿಯಿಂದ ಒರೆಸಿದರೆ ಕಂದು ಬಣ್ಣ ಹತ್ತಿಗೆ ಬಂತು, ಅಡಿಯಲ್ಲಿ ಕೆಂಪು ಛಾಯೆ ಕಂಡಿತು. ದಾರದ ಮೇಲೆಲ್ಲ ಬಣ್ಣ.

"ನಕಲಿ ಅಮ್ಮ."

"ಇನ್ನೊಂದು ಸಲ ನೋಡಿ."

ಇವರು ಇನ್ನೊಂದು ಸಲ ನೋಡಲಿಲ್ಲ, ಪಾಠ ಮಾಡಿದರು. ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟು, ದಾರ ತೋರಿಸಿ, ನಿಯಮ ವಿವರಿಸಿದರು. ಟೀಚರಮ್ಮ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು.

"ಹಾಗಾದ್ರೆ ಮೂವತ್ತೆಂಟು ವರ್ಷ ಇವರು ನನಗೆ ಸುಳ್ಳು ಹೇಳಿದ್ರಾ?"

"ಅದು ನನಗೆ ಗೊತ್ತಿಲ್ಲ. ಚರ್ಮ ಸುಳ್ಳು ಹೇಳಲ್ಲ."

ಟೀಚರಮ್ಮ ನಕಲಿ ಎಂದು ಬರೆದ ಚೀಟಿಯನ್ನು ಮಾತ್ರ ತೆಗೆದುಕೊಂಡರು. ಜಾಕೆಟ್ಟನ್ನು ಮೇಜಿನ ಮೇಲೇ ಬಿಟ್ಟು ಹೋದರು. ಎರಡು ಮಾತು ಮೆತ್ತಗೆ ಆಡಿದ್ದರೆ ಗಂಟೇನು ಹೋಗುತ್ತಿತ್ತು ಎಂದು ನಾನು ಅಂದೇ ಇವರ ಮೇಲೆ ರೇಗಿದೆ.

ಎರಡು ತಿಂಗಳು ಅದು ಮೊಳೆಗೆ ನೇತಾಡಿತು. ಒಂದು ದಿನ ಬೇರೊಂದು ಜಾಕೆಟ್ಟಿಗೆ ತೇಪೆ ಬೇಕಾಯಿತು. "ಅದನ್ನೇ ಬಿಚ್ಚು, ನಕಲಿ ತಾನೆ," ಎಂದರು. ಎಡತೋಳಿನ ಹೊಲಿಗೆಗೆ ಬ್ಲೇಡು ಹಾಕಿ ತೋಳನ್ನು ಬೇರೆ ಮಾಡಿದೆ, ಅಸ್ತರು ಸರಿಸಿದೆ. ಚರ್ಮದ ಒಳಮೈಯಲ್ಲಿ ಒಂದು ದುಂಡು ಮುದ್ರೆ ಇತ್ತು. ಸೇನೆಯ ಉಗ್ರಾಣದ್ದು. ಮರುಬಣ್ಣ ಮಾಡಿದ್ದು ಎಂದಿತ್ತು, ಯುದ್ಧ ನಡೆಯುತ್ತಿದ್ದ ವರ್ಷದ ತಾರೀಖಿತ್ತು, ವಿಮಾನ ಸಿಬ್ಬಂದಿಗೆ ಕೊಟ್ಟದ್ದು ಎಂದಿತ್ತು. ಕೆಳಗೆ ಮಾಸಿದ ಶಾಯಿಯಲ್ಲಿ ಟೀಚರಮ್ಮ ದುಂಡಗೆ ಬರೆದುಕೊಟ್ಟಿದ್ದ ಅದೇ ಹೆಸರು.

ಇವರಿಗೆ ತೋರಿಸಿದೆ. ಮುದ್ರೆಯನ್ನು ಎರಡು ಸಲ ಓದಿದರು. ಆಮೇಲೆ, "ನಮ್ಮ ಹಳೇ ಮೇಸ್ತ್ರಿ ಹೇಳ್ತಿದ್ದ," ಎಂದರು. "ಸವೆದ ಜಾಕೆಟ್‌ಗಳನ್ನ ಸೇನೆಯ ಉಗ್ರಾಣದೋರು ಗುಡ್ಡೆ ಹಾಕಿ, ಹೊಲಿಗೆ ಸಮೇತ ಬಣ್ಣ ಬಳಿದು, ಇನ್ನೊಬ್ಬನಿಗೆ ಕೊಡ್ತಿದ್ರಂತೆ. ಕುಡುಕನ ಮಾತು ಅಂತ ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ." ಕಾರ್ಖಾನೆಯೊಳಗೆ ಬೆಳೆದವರಿಗೆ ಕಾರ್ಖಾನೆಯ ಕ್ರಮವೇ ವೇದ. ಬೇರೆ ಯಾರಾದರೂ ಆಗಿದ್ದರೆ ಅನುಮಾನವನ್ನಾದರೂ ಪಡುತ್ತಿದ್ದರು.

"ಬೇಗ ಹೊಲಿ, ಇವತ್ತೇ ಹೋಗೋಣ," ಎಂದು ಅವಸರ ಮಾಡಿದರು. ನಾನು ಹೊಲಿದೆ. ಮುದ್ರೆ ತೋರಿಸಲು ಅಸ್ತರಿನಲ್ಲಿ ಒಂದು ಗೇಣು ಹೊಲಿಯದೆ ಬಿಟ್ಟೆ. ಹೊಸ ದಾರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಆ ಮುದುಕಿಗೆ ಹರಿದದ್ದನ್ನು ಕೊಟ್ಟ ಹಾಗಾಗಬಾರದೆಂದು, ಕುಂಚದಿಂದ ದಾರಕ್ಕೆ ಕಂದು ಬಣ್ಣ ಹಚ್ಚಿದೆ. ಇವರು ಭೂತಗನ್ನಡಿ ಮುಟ್ಟದೆ ಹೊರಟ ದಿನ ಅದೊಂದೇ.

ಟೀಚರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಪುಸ್ತಕದ ಕಪಾಟು. ಗೋಡೆಯ ಮೇಲೆ ಪಟ ತೆಗೆದ ಜಾಗ ಚೌಕವಾಗಿ ಬೆಳ್ಳಗಿತ್ತು. ಅದು ಅವರ ಗಂಡನ ಪಟವಿದ್ದ ಜಾಗವೆಂದು ನನಗೆ ಹೊಳೆಯಿತು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತ ಇವರು, "ಅಮ್ಮ, ನಂದು ತಪ್ಪಾಯ್ತು. ಇದು ಅಸಲಿ," ಎಂದು ಮುದ್ರೆ ತೋರಿಸಿದರು, ಉಗ್ರಾಣದ ಕಥೆ ಹೇಳಿದರು.

ಟೀಚರಮ್ಮನ ಮುಖ ಒಂದು ಕ್ಷಣ ಅರಳಿತು. ಅದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವರು ಕಪಾಟಿನಿಂದ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ತಂದು, ಜಾಕೆಟ್ಟನ್ನು ಬೆಳಕಿಗೆ ಹಿಡಿದು, ಎಡತೋಳಿನ ಹೊಲಿಗೆ ನೋಡಿದರು. ಬೆರಳು ಒದ್ದೆ ಮಾಡಿಕೊಂಡು ಉಜ್ಜಿದರು. ನನ್ನ ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ.

"ಇದು ನೀವು ಹೊಲಿದಿದ್ದಾ?" ನನ್ನನ್ನೇ ಕೇಳಿದರು.

"ತೋಳೊಂದೇ ಅಮ್ಮ, ನಾನೇ ಬಿಚ್ಚಿದ್ದೆ, ಅದಕ್ಕೆ..."

"ದಾರ ನಿಮ್ಮದು. ಬಣ್ಣ ನಿಮ್ಮದು. ಮುದ್ರೆ ಮಾತ್ರ ಸೇನೆಯವರದ್ದಾ?"

ಇವರು ಕೈಮುಗಿದು, "ದೇವರಾಣೆ ಅಸಲಿ ಅಮ್ಮ," ಎಂದರು.

"ಅವತ್ತೂ ಇಷ್ಟೇ ಗಟ್ಟಿಯಾಗಿ ಹೇಳಿದ್ರಿ." ಟೀಚರಮ್ಮ ಜಾಕೆಟ್ಟನ್ನು ನೀಟಾಗಿ ಮಡಿಸಿ ನನ್ನ ಮಡಿಲಲ್ಲಿಟ್ಟರು. "ನನ್ನನ್ನ ನೋಡಿ ಪಾಪ ಅನ್ನಿಸಿದೆ ನಿಮಗೆ. ಒಳ್ಳೆಯವರು ನೀವು. ಆದ್ರೆ ಸುಳ್ಳು ಕೇಳೋದು ನನಗೆ ಸಾಕಾಗಿದೆ, ತಗೊಂಡು ಹೋಗಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವರು ಆಡಿದರು, ನಾನು ಬಣ್ಣ ಬಳಿದೆ. ಯಾರದು ಹೆಚ್ಚು ಎಂದು ದಾರಿಯುದ್ದಕ್ಕೂ ನಾನು ತೂಗುತ್ತಿದ್ದೆ, ಇವರು ಮಾತ್ರ ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ.

ಮರುದಿನದಿಂದ ಇವರು ಅಂಗಡಿಗೆ ಹೋಗಲಿಲ್ಲ. ಎದೆಯ ನೆಪ ಹೇಳಿದರು, ಬರಬರುತ್ತ ಅದು ನೆಪವಾಗಿಯೂ ಉಳಿಯಲಿಲ್ಲ. ಕೊನೆಯ ವಾರಗಳಲ್ಲಿ ಆ ಜಾಕೆಟ್ಟನ್ನೇ ಎದೆಯ ಮೇಲೆ ಹೊದಿಸು ಎನ್ನುತ್ತಿದ್ದರು. ಜಿಪ್ಪಿಗೆ ಅವರೇ ಚೀಟಿ ಕಟ್ಟಿದ್ದರು. ಕಾಲರಿಗೆ ಮೂಗು ಒತ್ತಿ, "ಅಸಲಿ ಕಣೇ," ಎನ್ನುವರು. "ಹೂಂ, ಅಸಲಿ," ಎನ್ನುತ್ತಿದ್ದೆ ನಾನು.

ಇವರು ಹೋದ ಮೇಲೆ ಜಾಕೆಟ್ಟನ್ನು ಮತ್ತೆ ಟೀಚರಮ್ಮನ ಮನೆಗೆ ಒಯ್ದೆ. ಬಾಗಿಲು ತೆಗೆದದ್ದು ಮೈದುನ. ಅತ್ತಿಗೆ ತೀರಿಕೊಂಡು ತಿಂಗಳಾಯಿತು ಎಂದ. ಅವನ ಭುಜದಾಚೆ ಗೋಡೆ ಕಾಣುತ್ತಿತ್ತು. ಆ ಬೆಳ್ಳನೆಯ ಚೌಕದ ಜಾಗದಲ್ಲಿ ಟೀಚರಮ್ಮನ ಪಟ ಒಂದೇ ಇತ್ತು.